ಒಟಿಟಿಗೆ ಬರಲಿ ಬಿಡಿ ಎನ್ನುವವರಿಗೆ

ಹೊಸ ಸಿನಿಮಾ ನೋಡಿ ಬಂದೆ ಎಂದು ಯಾರ ಬಳಿ ಹೇಳಿದರೂ ಈಚೆಗೆ ಬರುವ ಮೊದಲ ಪ್ರಶ್ನೆ ಒಂದೇ: "ಥಿಯೇಟರ್‌ನಲ್ಲೇ ನೋಡ್ಬೇಕಾ, ಒಟಿಟಿಗೆ ಬಂದ್ಮೇಲೆ ನೋಡಿದ್ರೂ ನಡೆಯುತ್ತಾ?" ಚಿತ್ರ ಹೇಗಿದೆ ಎಂಬ ವಿಚಾರಣೆ ಆಮೇಲೆ, ಕೆಲವೊಮ್ಮೆ ಅದೂ ಇಲ್ಲ. ಹೀಗೆ ಕೇಳುವವರು ಸಿನಿಮಾ ಬೇಡವೆನ್ನುವವರೇನೂ ಅಲ್ಲ. ಮೈಸೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಓದುವ ಕಾಲದಲ್ಲಿ ಗಾಯತ್ರಿ, ವುಡ್‌ಲ್ಯಾಂಡ್ಸ್, ಸಂಗಂ, ಶಾಂತಲಾ ಎಂದು ಸುತ್ತಿ, ಕೌಂಟರ್ ಮುಂದೆ ಬೆವರಿ, ಮುಂದಿನ ಸಾಲಿನಲ್ಲಿ ಕತ್ತೆತ್ತಿ ಕೂತು ನೋಡಿದವರೇ. ಆದರೆ ಅವರೆಲ್ಲರ ಮನಸ್ಸಿನಲ್ಲಿ ಈಗ ಒಂದು ವಿಂಗಡಣೆ ಗಟ್ಟಿಯಾಗಿ ಕೂತುಬಿಟ್ಟಿದೆ. ಯುದ್ಧ, ಬೆಂಕಿ, ಕಾಡು, ಅರಮನೆ, ನೂರಾರು ಜನ ಒಟ್ಟಿಗೆ ಓಡುವ ದೃಶ್ಯ ಇದ್ದರೆ ಅದು ದೊಡ್ಡ ಪರದೆಯ ಸಿನಿಮಾ. ನಾಲ್ಕು ಜನ ಜಗಲಿಯ ಮೇಲೆ ಕೂತು ಮಾತಾಡುವ, ಒಂದು ಮನೆಯ ಜಗಳವನ್ನೋ ಒಂದು ಊರಿನ ಪಜೀತಿಯನ್ನೋ ಹೇಳುವ ಚಿತ್ರವಾದರೆ, ಒಟಿಟಿಗೆ ಬರಲಿ ಬಿಡಿ.

ನಾನು ವಿಮರ್ಶೆ ಬರೆಯುವವನಲ್ಲ. ಕೆಲಸ ಮುಗಿದ ಸಂಜೆ ಮನಸ್ಸು ಬಂದರೆ ಸಿನಿಮಾಕ್ಕೆ ಹೋಗುವ ಸಾಮಾನ್ಯ ಪ್ರೇಕ್ಷಕ. ಆದರೂ ಈ ನಾಲ್ಕೈದು ವರ್ಷಗಳಲ್ಲಿ ಜನ ಮೆಚ್ಚಿದ ಕನ್ನಡ ಚಿತ್ರಗಳಲ್ಲಿ ಬಹಳಷ್ಟನ್ನು ನೋಡಿದ ಮೇಲೆ, ಈ ವಿಂಗಡಣೆ ತಲೆಕೆಳಗಾಗಿದೆ ಎಂಬ ಅನಿಸಿಕೆ ನನ್ನಲ್ಲಿ ಬಲವಾಗುತ್ತಲೇ ಬಂದಿದೆ. ದೊಡ್ಡ ಚಿತ್ರವನ್ನು ಮನೆಯಲ್ಲಿ ನೋಡಿದರೆ ನಷ್ಟವಾಗುವುದು ಗಾತ್ರ ಮತ್ತು ಸದ್ದು. ಮಾತನ್ನೇ ನಂಬಿದ ಸಣ್ಣ ಚಿತ್ರವನ್ನು ಮನೆಯಲ್ಲಿ ಒಬ್ಬರೇ ನೋಡಿದರೆ ಚಿತ್ರದ ಅರ್ಧಭಾಗವೇ ನಷ್ಟವಾಗುತ್ತದೆ, ಏಕೆಂದರೆ ಆ ಅರ್ಧವನ್ನು ಪೂರೈಸುವವರು ಅಕ್ಕಪಕ್ಕದಲ್ಲಿ ಕೂತ ಅಪರಿಚಿತರು.

ಅತ್ತೆಯ ಜೊತೆ ನೋಡಿದ ‘ಸು ಫ್ರಮ್ ಸೋ’

2025ರ ಜುಲೈ 25ರಂದು ಬಿಡುಗಡೆಯಾದ ‘ಸು ಫ್ರಮ್ ಸೋ’ ಚಿತ್ರದ ಬಗ್ಗೆ ಮೊದಲ ದಿನ ನಮ್ಮ ಕಚೇರಿಯಲ್ಲಿ ಯಾರಿಗೂ ಹೆಚ್ಚು ಗೊತ್ತಿರಲಿಲ್ಲ. ಜೆ.ಪಿ. ತುಮಿನಾಡು ಅವರಿಗೆ ನಿರ್ದೇಶಕರಾಗಿ ಅದು ಮೊದಲ ಕನ್ನಡ ಚಿತ್ರ, ರಾಜ್ ಬಿ. ಶೆಟ್ಟಿ ನಿರ್ಮಾಪಕರು ಎಂಬುದಷ್ಟೇ ಪರಿಚಯ. ಆರಂಭದಲ್ಲಿ ಪ್ರದರ್ಶನಗಳು ಕಡಿಮೆ ಇದ್ದವು. ವಾರಾಂತ್ಯ ಕಳೆಯುವಷ್ಟರಲ್ಲಿ ಬಾಯಿಂದ ಬಾಯಿಗೆ ಸುದ್ದಿ ಹರಡಿ, ಆಟಗಳನ್ನು ಹೆಚ್ಚಿಸಿದರೂ ಟಿಕೆಟ್ ಸಿಗದಂತಾಯಿತು. ಅದೇ ಸಮಯಕ್ಕೆ ಪಾಂಡವಪುರದ ಹತ್ತಿರದ ಹಳ್ಳಿಯಿಂದ ನನ್ನ ಸೋದರತ್ತೆ ಕಣ್ಣಿನ ತಪಾಸಣೆಗೆಂದು ಮನೆಗೆ ಬಂದಿದ್ದರು. ಅವರು ಚಿತ್ರಮಂದಿರದ ಒಳಗೆ ಕಾಲಿಟ್ಟು ವರ್ಷಗಳೇ ಆಗಿದ್ದವು. ದೆವ್ವದ ಕಥೆಯಂತೆ, ನಗಿಸುತ್ತದಂತೆ ಎಂದು ಒಪ್ಪಿಸಿ ಸಂಜೆಯ ಆಟಕ್ಕೆ ಕರೆದುಕೊಂಡು ಹೋದೆ.

ಕಥೆ ನೋಡಿದವರಿಗೆ ತಿಳಿದೇ ಇದೆ. ಕರಾವಳಿಯ ಊರೊಂದರ ಹುಡುಗ ಅಶೋಕ, ನೋಡಬಾರದ ಕಡೆ ಇಣುಕಿ ನೋಡಲು ಹೋಗಿ ಸಿಕ್ಕಿಬೀಳುವಂತಾದಾಗ, ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದವನ ಹಾಗೆ ಆಡುತ್ತಾನೆ; ಸೋಮೇಶ್ವರದ ಸುಲೋಚನಾ ಎಂಬ ಹೆಸರು ಊರಿನ ತಲೆಯೊಳಗೆ ಹೊಕ್ಕು ಕೂತುಬಿಡುತ್ತದೆ. ಮೊದಲ ಕೆಲವು ನಿಮಿಷ ನಮ್ಮ ಸಾಲಿನಲ್ಲಿ ನಗು ತಡವಾಗಿ ಬರುತ್ತಿತ್ತು. ಕರಾವಳಿಯ ಕನ್ನಡದ ಏರಿಳಿತಕ್ಕೆ ಹಳೇ ಮೈಸೂರಿನ ಕಿವಿ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕಾಯಿತು. ಮುಂದಿನ ಸಾಲಿನಲ್ಲಿ ಮಂಗಳೂರಿನ ಕಡೆಯವರೆಂದು ತೋರುವ ಹುಡುಗರ ಗುಂಪೊಂದಿತ್ತು. ಅವರು ಮೊದಲು ನಗುವರು, ಅವರ ನಗು ಕೇಳಿ ಮಾತಿನ ಧಾಟಿ ಹಿಡಿದ ನಾವು ಅವರ ಹಿಂದೆಯೇ ನಗುವೆವು. ಎಲ್ಲರ ಬಾಯಲ್ಲೂ ‘ಬಾವ’ನೇ ಆಗಿರುವ ಆ ಪಾತ್ರ ಮತ್ತೆ ಮತ್ತೆ ಪ್ರವೇಶಿಸುವ ಹೊತ್ತಿಗೆ ಆ ಅಂತರವೂ ಉಳಿಯಲಿಲ್ಲ, ಇಡೀ ಸಭಾಂಗಣ ಒಂದೇ ಉಸಿರಿಗೆ ನಗುತ್ತಿತ್ತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅವರ ಆ ಕಡೆ ಕೂತಿದ್ದ ಹೆಂಗಸು, ನಮಗೆ ಗುರುತು ಪರಿಚಯ ಇಲ್ಲದವರು, ರಾಜ್ ಬಿ. ಶೆಟ್ಟಿ ಗುರೂಜಿಯ ವೇಷದಲ್ಲಿ ಬಂದಾಗ ನಗು ತಡೆಯಲಾರದೆ ಅತ್ತೆಯ ತೋಳನ್ನೇ ಹಿಡಿದುಕೊಂಡರು. ಇಂಟರ್‌ವಲ್‌ನಲ್ಲಿ ಇಬ್ಬರೂ ತಮ್ಮ ತಮ್ಮ ಊರಿನಲ್ಲಿ ಯಾರ ಯಾರ ಮೈಮೇಲೆ ಏನೇನು ಬಂದಿತ್ತು, ಯಾವ ಮರದ ಕೆಳಗೆ ಬಿಡಿಸಿದರು ಎಂದು ಹೇಳಿಕೊಳ್ಳುತ್ತಾ ಕೂತರು. ನಾನು ತಂದುಕೊಟ್ಟ ಕಾಫಿ ಆರಿಹೋಯಿತು.

ಈ ಚಿತ್ರದ ನಿಜವಾದ ಧೈರ್ಯ ಇರುವುದು ದ್ವಿತೀಯಾರ್ಧದಲ್ಲಿ. ಅಲ್ಲಿಯವರೆಗೆ ನಗೆಯ ಹೆಸರಾಗಿದ್ದ ಸುಲೋಚನಾ ಇದ್ದಕ್ಕಿದ್ದಂತೆ ಒಬ್ಬ ತಾಯಿಯಾಗುತ್ತಾಳೆ, ಅವಳಿಗೆ ಭಾನು ಎಂಬ ಮಗಳಿದ್ದಾಳೆ, ಆ ಮಗಳಿಗೆ ದಿನವೂ ಹೆದರಿಕೊಂಡು ಬದುಕಬೇಕಾದ ಮನೆಯಿದೆ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಜನರೇ ಸುಮ್ಮನಾಗಬೇಕು. ಬೇಸರವಾಗಿ ಸುಮ್ಮನಾಗುವುದಲ್ಲ, ಇಷ್ಟು ಹೊತ್ತು ಯಾವುದರ ಮೇಲೆ ನಗುತ್ತಿದ್ದೆವು ಎಂದು ಅರಿವಾಗಿ ಸುಮ್ಮನಾಗಬೇಕು. ಆ ಸಂಜೆ ಅದು ಆಯಿತು. ಶಿಳ್ಳೆ ಹೊಡೆಯುತ್ತಿದ್ದ ಹುಡುಗರೂ ಮಾತು ನಿಲ್ಲಿಸಿದರು. ಹೊರಗೆ ಬರುವಾಗ ಮೆಟ್ಟಿಲ ಮೇಲೆ ಅತ್ತೆ ನನ್ನ ಕೈ ಹಿಡಿದು ನಿಂತು, "ಅಲ್ಲ ಕಣ್ ಮಗ, ಆ ಹೆಣ್ಮಗಳ್ ಕಷ್ಟ ಕೇಳಕೆ ದೆವ್ವಾನೇ ಬರ್ಬೇಕಾಯ್ತಲ್ಲ" ಎಂದರು. ಈ ಚಿತ್ರದ ಬಗ್ಗೆ ನಾನು ಓದಿದ ಹಲವು ಬರಹಗಳಲ್ಲಿ ಇದಕ್ಕಿಂತ ನೇರವಾದ ಮಾತು ನನಗೆ ಸಿಗಲಿಲ್ಲ.

ಸೆಪ್ಟೆಂಬರ್‌ನಲ್ಲಿ ಚಿತ್ರ ಒಟಿಟಿಗೆ ಬಂತು. ಅತ್ತೆ ಮತ್ತೆ ಬಂದಿದ್ದಾಗ, ಅವರಿಗೆ ಇಷ್ಟವಾದದ್ದೆಂದು ಟಿವಿಯಲ್ಲಿ ಹಾಕಿಕೊಟ್ಟೆ. ಅದೇ ದೃಶ್ಯಗಳು, ಅದೇ ಮಾತುಗಳು. ಅತ್ತೆ ನಕ್ಕರು, ಆದರೆ ನಗು ಬಾಯಿಂದ ಆಚೆ ಬರಲಿಲ್ಲ. ನಡುವೆ ಎದ್ದು ಹೋಗಿ ಕುಕ್ಕರ್ ಇಳಿಸಿ ಬಂದರು, ಫೋನ್ ಬಂತೆಂದು ಸ್ವಲ್ಪ ಹೊತ್ತು ನಿಲ್ಲಿಸಿದೆವು, ಭಾನುವಿನ ಕಥೆ ಬರುವ ಮೊದಲೇ ನಿದ್ದೆ ಬಂತೆಂದು ಮಲಗಿದರು. "ಆವತ್ತು ನೋಡಿದ್ದೇ ಚೆಂದಾಗಿತ್ತು" ಎಂದು ಬೆಳಿಗ್ಗೆ ಹೇಳಿದರು. ಅತ್ತೆಯ ಆಸಕ್ತಿಯಲ್ಲಿ ಕೊರತೆ ಇರಲಿಲ್ಲ, ಚಿತ್ರವೂ ಬದಲಾಗಿರಲಿಲ್ಲ. ತೋಳು ಹಿಡಿದುಕೊಂಡು ನಗುವ ಆ ಹೆಂಗಸು ಪಕ್ಕದಲ್ಲಿರಲಿಲ್ಲ.

ದೊಡ್ಡ ಚಿತ್ರಗಳ ಲೆಕ್ಕಾಚಾರ

ಇದಕ್ಕೆ ಎದುರಾಗಿ ದೊಡ್ಡ ಚಿತ್ರಗಳನ್ನು ಇಟ್ಟು ನೋಡುತ್ತೇನೆ. 2022ರ ಏಪ್ರಿಲ್‌ನಲ್ಲಿ ಬಂದ ‘ಕೆಜಿಎಫ್: ಚಾಪ್ಟರ್ 2’ ಬಗ್ಗೆ ನನಗೆ ತಕರಾರಿಲ್ಲ. ಕನ್ನಡ ಚಿತ್ರವನ್ನು ಗಡಿಯಾಚೆಯ ಜನ ಕಾದು ನೋಡುವ ಹಾಗೆ ಮಾಡಿದ ಕೀರ್ತಿ ಪ್ರಶಾಂತ್ ನೀಲ್ ಮತ್ತು ಯಶ್ ಅವರಿಗೆ ಸಲ್ಲಬೇಕು. ಭುವನ್ ಗೌಡ ಅವರ ಕ್ಯಾಮೆರಾ ತೋರಿಸುವ ಆ ಮಸಿ ಹಿಡಿದ ಗಣಿಯ ಲೋಕವನ್ನು, ರವಿ ಬಸ್ರೂರು ಅವರ ಸಂಗೀತದ ಅಬ್ಬರವನ್ನು ಚಿತ್ರಮಂದಿರದಲ್ಲಿ ಅನುಭವಿಸಿದ್ದು ನಿಜ. ಆದರೆ ಅಲ್ಲಿ ಪಕ್ಕದವರು ಯಾರೆಂಬುದು ನನಗೆ ಮುಖ್ಯವಾಗಲೇ ಇಲ್ಲ. ಎಲ್ಲಿ ಚಪ್ಪಾಳೆ ಬರಬೇಕು, ಎಲ್ಲಿ ಶಿಳ್ಳೆ ಬರಬೇಕು ಎಂಬುದನ್ನು ಚಿತ್ರವೇ ಮೊದಲೇ ಗೊತ್ತುಮಾಡಿ, ಅದಕ್ಕೆ ಬೇಕಾದ ಸದ್ದನ್ನೂ ತಾನೇ ತುಂಬಿಸಿಟ್ಟಿದೆ. ನಾನು ಸೇರಿಸಬೇಕಾದದ್ದು ಏನೂ ಇಲ್ಲ. ಅದನ್ನೇ ಮುಂದೆ ಮನೆಯಲ್ಲಿ ನೋಡಿದಾಗ ಗಾತ್ರ ಕುಗ್ಗಿತ್ತು, ಆದರೆ ಚಿತ್ರ ಹೇಳಬೇಕೆಂದದ್ದೆಲ್ಲವೂ ನನಗೆ ತಲುಪಿತು. ಆ ಚಿತ್ರದ ನಂತರ ನಾಯಕನ ಪ್ರತಿಯೊಂದು ಹೆಜ್ಜೆಗೂ ಸಿಡಿಲು ಬಡಿಸುವ, ಅವನು ಬರುವ ಮೊದಲೇ ನಾಲ್ಕು ಪಾತ್ರಗಳು ಅವನ ಗುಣಗಾನ ಮಾಡುವ ಚಿತ್ರಗಳು ಸಾಲುಸಾಲಾಗಿ ಬಂದವು. ಅವುಗಳಲ್ಲಿ ಒಂದೆರಡನ್ನು ನೋಡಿ ತಲೆನೋವು ತಂದುಕೊಂಡ ಮೇಲೆ ಉಳಿದವುಗಳ ಕಡೆ ಹೋಗಲಿಲ್ಲ. ಅವುಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಕ್ಕೂ ಇಲ್ಲ.

‘ಕಾಂತಾರ’ದ ವಿಷಯ ಬೇರೆ. 2022ರ ಸೆಪ್ಟೆಂಬರ್ 30ರಂದು ಬಂದ ಆ ಚಿತ್ರವನ್ನು ಎಲ್ಲರೂ ಕೊನೆಯ ಭಾಗದ ದೈವದ ಆವೇಶಕ್ಕಾಗಿ ನೆನೆಯುತ್ತಾರೆ. ರಿಷಬ್ ಶೆಟ್ಟಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ಆದರೆ ಆ ಕೊನೆಯ ಭಾಗಕ್ಕೆ ಅಷ್ಟು ಬಲ ಬಂದದ್ದು ಅದಕ್ಕೂ ಮೊದಲು ನಾವು ಆ ಊರಿನವರ ಜೊತೆ ಕಾಡುಹರಟೆಯಲ್ಲಿ ಕಳೆದ ಹೊತ್ತಿನಿಂದ ಎಂದು ನಾನು ನಂಬಿದ್ದೇನೆ. ಹಂದಿ ಬೇಟೆಗೆ ಹೋಗುವ ಶಿವ, ಅವನ ಹಿಂದೆ ಸುತ್ತುವ ಗೆಳೆಯರು, ಅವರ ಪೋಲಿ ಮಾತು, ತಾಯಿಯ ಬೈಗುಳ, ಇವೆಲ್ಲ ನಮ್ಮವೇ ಆಗಿಹೋಗಿದ್ದವು. ಆ ಗೆಳೆಯರ ಗುಂಪಿನಲ್ಲಿದ್ದ ಪ್ರಕಾಶ್ ತುಮಿನಾಡು, ದೀಪಕ್ ರೈ ಪಾಣಾಜೆ ಅವರೇ ಮುಂದೆ ‘ಸು ಫ್ರಮ್ ಸೋ’ ಚಿತ್ರದಲ್ಲಿಯೂ ನಮ್ಮನ್ನು ನಗಿಸಿದರು ಎಂಬುದನ್ನು ಗಮನಿಸಬೇಕು. ಅಂದರೆ ದೊಡ್ಡದೆಂದು ಹೆಸರಾದ ಆ ಚಿತ್ರದ ಹೊಟ್ಟೆಯಲ್ಲಿ ಒಂದು ಸಣ್ಣ ಚಿತ್ರವಿತ್ತು. ಅದು ಇದ್ದುದರಿಂದಲೇ ಕೊನೆಯಲ್ಲಿ ದೈವ ಊರಿನವರ ಕೈಗಳನ್ನು ತನ್ನ ಎದೆಗೆ ಸೇರಿಸಿಕೊಳ್ಳುವಾಗ ನಾವೂ ಆ ಊರಿನವರಾಗಿದ್ದೆವು.

‘ಕಾಂತಾರ: ಚಾಪ್ಟರ್ 1’ 2025ರ ಅಕ್ಟೋಬರ್ 2ರಂದು, ಸರಿಯಾಗಿ ವಿಜಯದಶಮಿಯ ದಿನ ಬಂತು. ಮೈಸೂರಿನಲ್ಲಿ ಅಂದು ಜಂಬೂಸವಾರಿ. ಅರಮನೆಯಿಂದ ಬನ್ನಿಮಂಟಪದವರೆಗೆ ರಸ್ತೆಯ ಎರಡೂ ಬದಿ ಜನ ಬೆಳಿಗ್ಗೆಯಿಂದಲೇ ಜಾಗ ಹಿಡಿದು ಕೂತಿರುವ ದಿನ. ದಸರೆಯ ಜನಸಂದಣಿ ಕರಗಿದ ಮೇಲೆ ಹೋಗಿ ನೋಡಿದೆ. ಕಣ್ಣಿಗೆ ಹಬ್ಬವೆಂಬುದರಲ್ಲಿ ಎರಡು ಮಾತಿಲ್ಲ. ರಥದ ದೃಶ್ಯವನ್ನು ಕಟ್ಟಿರುವ ರೀತಿ, ಕಾಡಿನ ಕತ್ತಲು, ರುಕ್ಮಿಣಿ ವಸಂತ್ ಅವರ ಕನಕವತಿ, ಜಯರಾಮ್ ಅವರ ರಾಜ, ಎಲ್ಲವೂ ಶ್ರಮಪಟ್ಟು ಮಾಡಿದ್ದೆಂದು ಕಾಣುತ್ತದೆ. ಆದರೆ ನಾಯಕ ಬೆರ್ಮೆಯ ಸುತ್ತಲಿನ ಜನರಲ್ಲಿ ಒಬ್ಬರ ಹೆಸರೂ ಹೊರಗೆ ಬಂದ ಮೇಲೆ ನನ್ನ ನಾಲಿಗೆಯ ಮೇಲೆ ನಿಲ್ಲಲಿಲ್ಲ. ಮೊದಲ ಚಿತ್ರದಲ್ಲಿ ಸುಮ್ಮನೆ ಕೂತು ಮಾತಾಡಲು ಸಿಕ್ಕಿದ್ದ ಬಿಡುವು ಇಲ್ಲಿ ಯಾರಿಗೂ ಸಿಕ್ಕಿಲ್ಲ. ಕಥೆ ಮುಂದಕ್ಕೆ ಹೋಗಬೇಕು, ಮುಂದಿನ ಕಾಳಗಕ್ಕೆ ಸಜ್ಜಾಗಬೇಕು. ಹೆಚ್ಚು ಹಣ ಹಾಕಿದ ಚಿತ್ರಕ್ಕೆ ಹರಟೆ ಹೊಡೆಯುವ ಸ್ವಾತಂತ್ರ್ಯ ಇರುವುದಿಲ್ಲವೇನೋ ಎಂದು ಅನಿಸಿ ಬೇಸರವಾಯಿತು.

ನಿಲ್ಲಿಸಲಾಗದ ಕತ್ತಲು

ಸಣ್ಣ ಚಿತ್ರವೆಂದರೆ ನಗೆಯ ಚಿತ್ರವೇ ಆಗಬೇಕೆಂದಿಲ್ಲ. 2023ರಲ್ಲಿ ಹೇಮಂತ್ ಎಂ. ರಾವ್ ನಿರ್ದೇಶಿಸಿದ ‘ಸಪ್ತ ಸಾಗರದಾಚೆ ಎಲ್ಲೋ’ ಎರಡು ಭಾಗವಾಗಿ ಬಂತು. ಮೊದಲನೆಯದು ಸೆಪ್ಟೆಂಬರ್‌ನಲ್ಲಿ, ಎರಡನೆಯದು ನವೆಂಬರ್‌ನಲ್ಲಿ. ಮೊದಲ ಭಾಗ ಕೆಲವೇ ವಾರಗಳಲ್ಲಿ ಒಟಿಟಿಗೂ ಬಂದು, ಚಿತ್ರಮಂದಿರಕ್ಕೆ ಹೋಗದವರೆಲ್ಲ ಅಲ್ಲಿಯೇ ನೋಡಿ ಮನು, ಪ್ರಿಯಾ ಎಂದು ಮರುಗಿದರು. ನನ್ನ ಚಿಕ್ಕಪ್ಪನ ಮಗ ಅದನ್ನು ಫೋನಿನಲ್ಲಿ, ಬಸ್ಸಿನಲ್ಲಿ, ಮೂರು ದಿನ ತುಂಡು ತುಂಡಾಗಿ ನೋಡಿ, "ಚೆನ್ನಾಗಿದೆ ಅಣ್ಣ, ಆದ್ರೆ ಸ್ವಲ್ಪ ಸ್ಲೋ" ಎಂದ. ನಿಧಾನ ಎಂಬುದು ಸರಿಯೇ. ಯಜಮಾನನ ಮಗ ಮಾಡಿದ ಅಪಘಾತದ ತಪ್ಪನ್ನು ಹಣದ ಆಸೆಗೆ ತಲೆಯ ಮೇಲೆ ಹೊತ್ತು ಜೈಲಿಗೆ ಹೋದ ಡ್ರೈವರ್ ಹುಡುಗ, ಹೊರಗೆ ಕಾಯುತ್ತಿರುವ ಹುಡುಗಿ. ಕಾಯುವುದೇ ಕಥೆಯಾಗಿರುವಾಗ ನೋಡುವವರೂ ಕಾಯಬೇಕಾಗುತ್ತದೆ. ಚಿತ್ರಮಂದಿರದಲ್ಲಿ ಆ ಕಾಯುವಿಕೆ ತಪ್ಪಿಸಿಕೊಳ್ಳಲಾಗದ್ದು. ಜೈಲಿನ ಭೇಟಿಯ ದೃಶ್ಯದಲ್ಲಿ ರುಕ್ಮಿಣಿ ವಸಂತ್ ಮಾತಿಲ್ಲದೆ ನಿಂತಿರುವಾಗ ಸುತ್ತ ಯಾರಾದರೂ ಕುರ್ಚಿಯಲ್ಲಿ ಅಲುಗಾಡಿದರೂ ಕೇಳಿಸುತ್ತಿತ್ತು, ಅಲುಗಾಡಿದವರಿಗೇ ಮುಜುಗರವಾಗುತ್ತಿತ್ತು. ಮನೆಯಲ್ಲಾದರೆ ಬೆರಳು ತಾನಾಗಿ ಹತ್ತು ಸೆಕೆಂಡು ಮುಂದಕ್ಕೆ ಓಡಿಸುತ್ತದೆ. ಬಸ್ಸಿನಲ್ಲಿ ಹುಣಸೂರು ಬಂತೆಂದು ಇಳಿಯಬೇಕಾಗುತ್ತದೆ.

ಅಳುವೂ ಹಾಗೆಯೇ. ‘777 ಚಾರ್ಲಿ’ 2022ರ ಜೂನ್‌ನಲ್ಲಿ ಬಂದಾಗ, ನಾಯಿಯೊಂದರ ಒಡನಾಟದ ಆ ಕಥೆಯ ನಾಯಕ ಧರ್ಮ ನಮ್ಮ ಮೈಸೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವನು ಎಂಬ ಕಾರಣಕ್ಕೂ ಹಲವರು ಹೋದರು. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಅವರು ಚಿತ್ರ ನೋಡಿ ಕಣ್ಣೀರಿಟ್ಟದ್ದು ಸುದ್ದಿಯಾಗಿತ್ತು. ನಾನು ನೋಡಿದ ದಿನ ಮಧ್ಯವಯಸ್ಸಿನ ಗಂಡಸರು ದೀಪ ಹತ್ತಿಕೊಂಡರೂ ಏಳದೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಒಬ್ಬರನ್ನೊಬ್ಬರು ನೋಡಿ ನಾಚಿಕೊಳ್ಳಲಿಲ್ಲ. ನಮ್ಮ ಕಡೆಯ ಗಂಡಸರು ತಮ್ಮ ಮನೆಯ ನಡುಮನೆಯಲ್ಲಿ ಹೆಂಡತಿ ಮಕ್ಕಳ ಮುಂದೆ ಹಾಗೆ ಅಳುವುದಿಲ್ಲ.

ಮಂಡ್ಯದಲ್ಲಿ ‘ತಿಥಿ’

ಈ ಯೋಚನೆಗೆ ಬೀಜ ಬಿದ್ದದ್ದು ಬಹುಶಃ 2016ರ ಮೇ ತಿಂಗಳಲ್ಲಿ, ಮಂಡ್ಯದ ಚಿತ್ರಮಂದಿರವೊಂದರಲ್ಲಿ. ‘ತಿಥಿ’ ಆ ಹೊತ್ತಿಗೆ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು ಬಂದಿತ್ತು, ರಾಷ್ಟ್ರಪ್ರಶಸ್ತಿಯೂ ಬಂದಿತ್ತು. ಪ್ರಶಸ್ತಿ ಬಂದ ಚಿತ್ರವೆಂದರೆ ನಮ್ಮ ಊರಿನವರು ದೂರ ಸರಿಯುತ್ತಾರೆ. ಆದರೆ ಇದು ಮಂಡ್ಯ ಜಿಲ್ಲೆಯದೇ ಹಳ್ಳಿ ನೊದೆಕೊಪ್ಪಲಿನಲ್ಲಿ ತೆಗೆದದ್ದು, ಊರವರೇ ನಟಿಸಿರುವುದು ಎಂಬ ಸುದ್ದಿಗೆ ಜನ ಬಂದಿದ್ದರು. ಸೆಂಚುರಿ ಗೌಡ ರಸ್ತೆ ಬದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬಯ್ಯುವ ಮೊದಲ ದೃಶ್ಯಕ್ಕೇ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಅಂಥ ಒಬ್ಬ ತಾತ ಪ್ರತಿ ಊರಿನಲ್ಲಿಯೂ ಇದ್ದಾನೆ, ಅವನ ಹೆಸರು ಹಿಡಿದು ಕೂಗುತ್ತಿದ್ದರು. ಬದುಕಿರುವ ಅಪ್ಪ ಗಡ್ಡಪ್ಪನನ್ನು ಸತ್ತನೆಂದು ಕಾಗದ ಮಾಡಿಸಿ ಜಮೀನು ಮಾರಲು ತಮ್ಮಣ್ಣ ಓಡಾಡುವಾಗ ಹಿಂದಿನ ಸಾಲಿನ ಒಬ್ಬರು, "ದುಡ್ ಮಡುಗುದ್ರೆ ಕುಂತಿರೋನ್ನೂ ಸಾಯಿಸ್ತಾರೆ, ಇದ್ರಲ್ಲಿ ಏನ್ ಸುಳ್ಳೈತೆ" ಎಂದರು. ಆ ಮಾತಿಗೆ ಬಂದ ನಗು ಚಿತ್ರಕ್ಕೆ ಬಂದ ನಗುವಿಗಿಂತ ಜೋರಾಗಿತ್ತು, ಮತ್ತು ಅದರಲ್ಲಿ ಸಿಟ್ಟೂ ಇತ್ತು. ಪರದೆಯ ಮೇಲಿನ ಮಾತಿಗೆ ಕೆಳಗಿನಿಂದ ಮಾತು ಸೇರುತ್ತಿತ್ತು. ಎರಡೂ ಒಂದೇ ಕನ್ನಡ.

ನಮ್ಮ ಭಾಗದ ಮಾತಿಗೆ ಆಮೇಲೆ ಜನಪ್ರಿಯ ಚಿತ್ರಗಳಲ್ಲಿ ಅಷ್ಟು ಗೌರವ ಮತ್ತೆ ಸಿಕ್ಕಿದ್ದನ್ನು ನಾನು ಕಂಡದ್ದು ಕಡಿಮೆ. ಮಂಡ್ಯದವನೆಂದರೆ ಒಂದೋ ಹೊಡೆದಾಡುವವನು, ಇಲ್ಲವೇ ನಾಯಕನ ಪಕ್ಕ ನಿಂತು ನಗಿಸುವವನು. ಕರಾವಳಿಯ ಹುಡುಗರು ತಮ್ಮ ಊರಿನ ಮಾತು, ಭೂತ, ಜಗಳ, ಮದುವೆ ಮನೆಗಳನ್ನೇ ಹಿಡಿದು ಒಂದರ ಮೇಲೊಂದು ಚಿತ್ರ ಮಾಡಿ, ಅದನ್ನು ಕೇಳುವ ಅಭ್ಯಾಸವನ್ನು ಇಡೀ ನಾಡಿಗೆ ಮಾಡಿಸಿದ್ದಾರೆ. ನಾಲೆಯ ನೀರಿನ ಪಾಳಿ, ಆಲೆಮನೆಯ ರಾತ್ರಿ, ಸಕ್ಕರೆ ಕಾರ್ಖಾನೆಯ ಮುಂದೆ ದಿನಗಟ್ಟಲೆ ಸಾಲುಗಟ್ಟಿ ನಿಲ್ಲುವ ಕಬ್ಬಿನ ಗಾಡಿಗಳು, ಇವುಗಳಲ್ಲಿ ಕಥೆ ಇಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಸಂಜೆಯ ಆಟ ಯಾರಿಗೆ

ಒಟಿಟಿಗೆ ಬರಲಿ ಎನ್ನುವವರ ಮಾತಿನಲ್ಲಿ ಕಾರಣವಿಲ್ಲದೆ ಇಲ್ಲ. ನಾಲ್ಕು ಜನರ ಕುಟುಂಬ ಮಲ್ಟಿಪ್ಲೆಕ್ಸ್‌ಗೆ ಹೋಗಿ ಪಾಪ್‌ಕಾರ್ನ್ ತಿಂದು ಬಂದರೆ ವಾರದ ತರಕಾರಿಯ ದುಡ್ಡು ಮುಗಿದಿರುತ್ತದೆ. ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕುವುದಾಗಿ ರಾಜ್ಯ ಸರ್ಕಾರ 2025ರ ಬಜೆಟ್‌ನಲ್ಲಿ ಹೇಳಿ ಸೆಪ್ಟೆಂಬರ್‌ನಲ್ಲಿ ಆದೇಶವನ್ನೂ ಹೊರಡಿಸಿತು. ಅದೇ ತಿಂಗಳು ಹೈಕೋರ್ಟ್ ತಡೆ ನೀಡಿತು. ಕಾನೂನಿನ ಸರಿತಪ್ಪು ತಿಳಿದವರು ಹೇಳಲಿ. ಆದರೆ ಒಂದೇ ದರದ ಚರ್ಚೆಯಲ್ಲಿ ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಕಟ್ಟುವುದರಿಂದ ಸಣ್ಣ ಚಿತ್ರಕ್ಕೆ ಉಪಕಾರವಾಗುವುದಿಲ್ಲ. ಹೆಸರಿಲ್ಲದವರ ಚಿತ್ರಕ್ಕೂ ದೊಡ್ಡ ನಾಯಕನ ಚಿತ್ರದಷ್ಟೇ ಹಣ ಕೊಡಬೇಕೆಂದರೆ ಜನ ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂಬುದನ್ನು ಹೇಳಬೇಕಾಗಿಲ್ಲ.

ಹಣಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆಟದ ವೇಳೆ. ಶಾಂತಲಾದಂಥ ಒಂಟಿ ಪರದೆಯ ಚಿತ್ರಮಂದಿರಗಳು 2020ರ ಲಾಕ್‌ಡೌನ್ ಹೊತ್ತಿಗೆ ಬಾಗಿಲು ಹಾಕಿದವು. ಉಳಿದಿರುವ ಕಡೆ ಸಂಜೆಯ ಮೊದಲ ಆಟ ದೊಡ್ಡ ಚಿತ್ರಕ್ಕೆ ಮೀಸಲು. ಸಣ್ಣ ಚಿತ್ರಕ್ಕೆ ಸಿಗುವುದು ಬೆಳಿಗ್ಗೆ ಹತ್ತರ ಆಸುಪಾಸು ಅಥವಾ ರಾತ್ರಿ ಹತ್ತರ ಆಸುಪಾಸು. ಬೆಳಿಗ್ಗೆ ಕೆಲಸ, ರಾತ್ರಿ ಊರಿಗೆ ಹೋಗಲು ಬಸ್ಸಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಪಾಂಡವಪುರ, ಶ್ರೀರಂಗಪಟ್ಟಣ, ನಂಜನಗೂಡು, ತಿ. ನರಸೀಪುರದ ಕಡೆಯಿಂದ ಅತ್ತೆಯಂಥವರು ಮೈಸೂರಿಗೆ ಎಷ್ಟೋ ಕೆಲಸಕ್ಕೆ ಬಂದುಹೋಗುತ್ತಾರೆ, ದೇವಸ್ಥಾನಕ್ಕೆ ಹೋಗುತ್ತಾರೆ, ಸೀರೆ ಅಂಗಡಿಗೆ ಹೋಗುತ್ತಾರೆ. ಅವರು ಮಧ್ಯಾಹ್ನ ಎರಡಕ್ಕೋ ನಾಲ್ಕಕ್ಕೋ ಒಂದು ಸಿನಿಮಾ ನೋಡಿ ಕತ್ತಲಾಗುವ ಮೊದಲು ಬಸ್ಸು ಹತ್ತಬಹುದು. ಆ ಹೊತ್ತಿನಲ್ಲಿ ಅವರಿಗೆ ಇಷ್ಟವಾಗುವ ಚಿತ್ರ ಓಡುತ್ತಿರಬೇಕು ಅಷ್ಟೇ.

ಇನ್ನೊಂದು, ಎರಡನೆಯ ವಾರ. ಹೆಸರಾಂತ ನಾಯಕನ ಚಿತ್ರಕ್ಕೆ ಜನ ಮೊದಲ ದಿನವೇ ನುಗ್ಗುತ್ತಾರೆ. ಸಣ್ಣ ಚಿತ್ರವನ್ನು ಶುಕ್ರವಾರ ಒಬ್ಬರು ನೋಡಿ, ಸೋಮವಾರ ಕಚೇರಿಯಲ್ಲಿ ಹೇಳಿ, ಕೇಳಿದವರು ಮನೆಯಲ್ಲಿ ಒಪ್ಪಿಸಿ ಹೊರಡುವ ಹೊತ್ತಿಗೆ ಮುಂದಿನ ಶುಕ್ರವಾರ ಬಂದಿರುತ್ತದೆ, ಚಿತ್ರ ಹೋಗಿರುತ್ತದೆ. ‘ಸು ಫ್ರಮ್ ಸೋ’ ಆ ಗಂಡಾಂತರವನ್ನು ದಾಟಿದ್ದು ಮೊದಲ ವಾರಾಂತ್ಯದಲ್ಲಿಯೇ ಸುದ್ದಿ ಹಬ್ಬಿದ್ದರಿಂದ. ದಾಟಲಾಗದೆ ಹೋದ ಒಳ್ಳೆಯ ಚಿತ್ರಗಳು ಪ್ರತಿ ವರ್ಷವೂ ಇವೆ. ಮೈಸೂರಿನಲ್ಲಿ ಒಂದು, ಮಂಡ್ಯದಲ್ಲಿ ಒಂದು ಚಿತ್ರಮಂದಿರದವರಾದರೂ ಮುಂದೆ ಬಂದು, ದಿನದ ನಾಲ್ಕು ಆಟಗಳಲ್ಲಿ ಮ್ಯಾಟಿನಿಯನ್ನೋ ಸಂಜೆಯ ಆಟವನ್ನೋ ಎರಡು ವಾರ ಇಂಥ ಒಂದು ಚಿತ್ರಕ್ಕೆ ಬಿಟ್ಟುಕೊಟ್ಟು, ಬಾಲ್ಕನಿಗೂ ಕೆಳಗಿನ ತರಗತಿಗೂ ಕೈಗೆಟುಕುವ ದರ ಇಟ್ಟು ನೋಡಬೇಕು. ಮೊದಲ ವಾರ ಕುರ್ಚಿಗಳು ಖಾಲಿ ಇರಬಹುದು. ಎರಡನೆಯ ವಾರಕ್ಕೆ ಜನರನ್ನು ಕರೆದುಕೊಂಡು ಬರುವ ಕೆಲಸವನ್ನು ನನ್ನಂಥವರು ಮಾಡುತ್ತೇವೆ.